ಏಳನೇ ನಂಬರಿನ ಸದ್ದು

“ಈಗ ಇಲ್ಲಿಂದ ಹೋಗಿದ್ದೇನು?”

ತಿಪ್ಪಕ್ಕ ಯಾರನ್ನೂ ನೋಡಿ ಕೇಳಲಿಲ್ಲ. ಅವಳೆದುರು ಇದ್ದದ್ದು ಒಂದು ಬುಟ್ಟಿ ಹುರಿದ ಕಡಲೆಕಾಯಿ, ನೀರು ಸರಬರಾಜು ಕಚೇರಿಯ ಗೇಟು, ಗೇಟಿನಾಚೆ ಬೆಳಗಿನ ಖಾಲಿ ರಸ್ತೆ. ಬುಟ್ಟಿಯ ಪಕ್ಕ ಬಿದ್ದಿದ್ದ ಸಿಪ್ಪೆಗಳು ಎದ್ದು ಹಾರಿ ಅವಳ ಸೆರಗಿಗೆ ಅಂಟಿಕೊಂಡಿದ್ದವು. ನಮ್ಮೂರಿನ ಜನ ದಿನಕ್ಕೊಂದು ಸಲವಾದರೂ ಹೀಗೆ ಬರಿಗಾಳಿಯನ್ನು ಕೇಳುತ್ತಾರೆ. ಗೇಟಿನ ಪಕ್ಕದ ಗೂಡಿನಲ್ಲಿ ಕೂತಿದ್ದ ನಾನು ಸೀಟಿ ಊದಿದೆ. ಇಪ್ಪತ್ತು ಮಾರು ಆಚೆ ಒಂದು ಸ್ಕೂಟರು ನಿಂತಿತು. ಮೀಟರು ಓದಲು ಹೊಸದಾಗಿ ಸೇರಿದ್ದವನು ಅದನ್ನು ತಳ್ಳಿಕೊಂಡು ವಾಪಸು ಬಂದ. “ಟೆಸ್ಟು ನಿನ್ನೆಯೇ ಪಾಸಾಗಿದೆ ಮೇಡಂ,” ಅಂದ. “ಪಾಸಾಗಿದ್ದೀರಿ, ಸಹಿ ಬಿದ್ದಿಲ್ಲ. ಕೂತ್ಕೊಳ್ಳಿ,” ಅಂದೆ. ಹತ್ತು ಹತ್ತು ನಿಮಿಷಕ್ಕೆ ಎದ್ದು ಹೋಗಿ ಸ್ಕೂಟರನ್ನು ಒದ್ದು ನೋಡುತ್ತಿದ್ದ. ಹನ್ನೆರಡೂ ಕಾಲಿಗೆ ಎಲ್ಲೋ ಯಾವುದೋ ಮೇಜಿನ ಮೇಲೆ ಸಹಿ ಬಿದ್ದಿರಬೇಕು, ಸ್ಕೂಟರು ಪಟಪಟ ಅಂತ ಬಾಯಿ ಬಿಟ್ಟಿತು. ತಿಪ್ಪಕ್ಕ ಒಂದು ಹಿಡಿ ಕಡಲೆಕಾಯಿ ಅವನ ಜೇಬಿಗೆ ಸುರಿದು, “ಹಾಂ, ಈಗ ಹೋಗಪ್ಪ,” ಅಂದಳು.

ಲೈಸೆನ್ಸು ಇಲ್ಲದವರು, ಇದ್ದೂ ಅವಧಿ ಮುಗಿದವರು ಓಡಿಸಿದರೆ ನಮ್ಮೂರಲ್ಲಿ ಗಾಡಿ ಸದ್ದು ಮಾಡುವುದಿಲ್ಲ. ಇಂಜಿನ್ನು, ಹಾರನ್ನು, ಬ್ರೇಕು, ಯಾವುದೂ ಇಲ್ಲ. ಹೊಗೆ ಬರುತ್ತದೆ, ಚಕ್ರ ತಿರುಗುತ್ತದೆ. ಕಾರಿನ ಲೈಸೆನ್ಸು ಇಟ್ಟುಕೊಂಡು ಲಾರಿ ಹತ್ತಿದರೆ ಅಷ್ಟು ದೊಡ್ಡ ಲಾರಿ ಕಾರಿನ ಹಾಗೆ ಗುನುಗುತ್ತಾ ಹೋಗುತ್ತದೆ, ಮಕ್ಕಳು ಹಿಂದೆ ಓಡಿ ನಗುತ್ತಾರೆ. ಕಾರು ಕಲಿಯುವವರ ಮುಂದೆ ಮನೆಯವರೊಬ್ಬರು ತಟ್ಟೆ ಬಡಿಯುತ್ತಾ ನಡೆಯಬೇಕು. ಎಷ್ಟೋ ಅತ್ತೆಯಂದಿರು ಊರಿನ ಬೀದಿಗಳನ್ನೆಲ್ಲ ಸರಿಯಾಗಿ ನೋಡಿದ್ದೇ ಸೊಸೆ ಕಾರು ಕಲಿಯುವಾಗ. ಒಂದು ಮದುವೆಯಲ್ಲಿ ವಾಲಗ ನಿಂತ ಮೇಲೇ ಗೊತ್ತಾಯಿತು, ಮದುಮಗ ಕೂತ ಕಾರು ಮೂಕವಾಗಿದೆ ಅಂತ. ಹುಡುಗಿಯ ತಂದೆ ಬಂದು ಕಾರಿನ ಬಾಗಿಲು ತೆಗೆದರು. ಮದುವೆ ನಿಲ್ಲಲಿಲ್ಲ, ಮದುಮಗ ನಡೆದುಕೊಂಡು ಬಂದ. ನಾವು ರಸ್ತೆ ದಾಟುವುದು ಕಿವಿಯಿಂದ. ಸದ್ದು ಎಡಕ್ಕಿದ್ದರೆ ಬಲಕ್ಕೆ ಸರಿಯುತ್ತೇವೆ, ಬಲಕ್ಕಿದ್ದರೆ ಎಡಕ್ಕೆ. ಕತ್ತು ತಿರುಗಿಸಿ ಆಚೀಚೆ ನೋಡುವವರನ್ನು ಕಂಡರೆ ಪರ ಊರಿನವರು ಅಂತ ದಾರಿ ಬಿಡುತ್ತೇವೆ.

ಹಾಗಾಗಿ ಕೆಲಸಕ್ಕೆ ಗಾಡಿ ಇಟ್ಟುಕೊಂಡಿರುವ ಪ್ರತಿ ಕಚೇರಿಯೂ ಗೇಟಿನಲ್ಲಿ ಒಬ್ಬರು ಕೇಳುಗರನ್ನು ನೇಮಿಸಬೇಕು. ನಮ್ಮಲ್ಲಿ ಹನ್ನೊಂದು ನೀರಿನ ಟ್ಯಾಂಕರು, ಎರಡು ಜೀಪು, ಇನ್ನು ಮೀಟರಿನವರ ಸ್ವಂತ ಸ್ಕೂಟರುಗಳು. ಸ್ವಂತದ್ದಾದರೇನು, ಕಚೇರಿಯ ಕೆಲಸಕ್ಕೆ ಹೊರಟರೆ ನನ್ನ ಕಿವಿಯ ಮುಂದೆ ಹಾದೇ ಹೋಗಬೇಕು. ಪುಸ್ತಕದಲ್ಲಿ ಗಾಡಿಯ ನಂಬರು, ಓಡಿಸುವವರ ಹೆಸರು, ಮುಂದೆ ಒಂದು ಸಣ್ಣ ಮನೆ. ಅದರಲ್ಲಿ ‘ಕೇಳಿಸಿತು’ ಅಥವಾ ‘ಕೇಳಿಸಲಿಲ್ಲ’ ಅಂತ ಬರೆಯುತ್ತೇನೆ. ಕೇಳಿಸದಿದ್ದರೆ ಹಗ್ಗ ಬಿಡುತ್ತೇನೆ, ಅಡ್ಡಗಂಬ ಇಳಿಯುತ್ತದೆ. ಲೈಸೆನ್ಸಿನ ಕಾರ್ಡೂ ಇದೆ, ಆದರೆ ಗಾಡಿಯೇ ಹೇಳುವಾಗ ಕಾರ್ಡು ಯಾಕೆ ಹೇಳಬೇಕು ಅಂತ ನಮ್ಮೂರಲ್ಲಿ ಅದರ ಮೇಲೆ ಅವಧಿಯ ತಾರೀಕು ಅಚ್ಚು ಹಾಕುವುದಿಲ್ಲ. ಹದಿನಾರು ವರ್ಷದಿಂದ ಈ ಗೂಡಿನಲ್ಲಿದ್ದೇನೆ. ಪ್ರಭಾವತಿ ಅನ್ನುವುದು ಸಂಬಳದ ಚೀಟಿಯಲ್ಲಿ, ನಮ್ಮ ಸಾಹೇಬರ ಬಾಯಲ್ಲಿ ಮಾತ್ರ. ಮಿಕ್ಕವರಿಗೆಲ್ಲ ನಾನು ಕಿವಿಯಮ್ಮ.

ಈ ಕಿವಿ ನನಗೆ ಬಂದದ್ದು ಅಪ್ಪನಿಂದ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ. ಊಟ ಮುಗಿಸಿ ಅಪ್ಪ ಜಗಲಿಯ ಮೇಲೆ ಕೂತು ಕಾವ್ಯ ಓದುತ್ತಿದ್ದರು. ಓದುವುದು ಅಂದರೆ ಹಾಡುವುದು. ಸಾಂಗತ್ಯದ ನಾಲ್ಕು ನಾಲ್ಕು ಸಾಲು, ಒಂದೇ ಮಟ್ಟು, ಗಂಟೆಗಟ್ಟಲೆ. ಎದುರಿಗೆ ಕೂತು ಕೇಳುವುದು ನನ್ನ ಪಾಲಿನ ಪೂಜೆ. ನಡುವೆ ಎಲ್ಲೋ ಬೇಕಂತಲೇ ಒಂದು ಸಾಲು ಬಿಡುತ್ತಿದ್ದರು. ನಾನು ಬೆರಳೆತ್ತಬೇಕು. ಎತ್ತದಿದ್ದರೆ ಅಂದಿನ ಓದು ಅಲ್ಲಿಗೇ ಮುಗಿಯಿತು, ಪುಸ್ತಕಕ್ಕೆ ಬಟ್ಟೆ ಸುತ್ತಿ ಎದ್ದುಬಿಡುತ್ತಿದ್ದರು. ಬಯ್ಯುತ್ತಿರಲಿಲ್ಲ. ಮಿಕ್ಕ ಕಥೆ ಏನಾಯಿತೋ ಅಂತ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡಿರುತ್ತಿದ್ದೆ. ಹಾಗೆ ಬೆಳೆದವಳು ನಾನು. ಈಗಲೂ ಬೆಳಗ್ಗೆ ಪುಸ್ತಕ ಬಿಚ್ಚುವ ಮುಂಚೆ ಐದು ನಮಸ್ಕಾರದ ಮಂತ್ರ ಹೇಳಿಕೊಳ್ಳುತ್ತೇನೆ, ಆಮೇಲೆ ಕಣ್ಣು ಮುಚ್ಚುತ್ತೇನೆ. ಹನ್ನೊಂದು ಟ್ಯಾಂಕರನ್ನೂ ಹೆಜ್ಜೆಯ ಸದ್ದಿನಲ್ಲಿ ಮನೆಮಂದಿಯನ್ನು ಗುರುತಿಸಿದ ಹಾಗೆ ಗುರುತಿಸುತ್ತೇನೆ. ಇದರಲ್ಲಿ ನಾನು ತಪ್ಪುವುದಿಲ್ಲ.

ಏಳನೇ ನಂಬರಿನ ಟ್ಯಾಂಕರು ಕೆಂಚವೀರಪ್ಪನವರದು. ಐವತ್ತೇಳು ವಯಸ್ಸು, ಇಪ್ಪತ್ತೊಂಬತ್ತು ವರ್ಷದ ಸರ್ವಿಸು, ಕಚೇರಿಯ ಅರ್ಧದಷ್ಟು ಡ್ರೈವರುಗಳಿಗೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದವರು. ಊರಿನ ಗುಡ್ಡದ ಮೇಲೆ ಮೇಲ್ಗೇರಿ ಅಂತ ಒಂದು ಕೇರಿ ಇದೆ. ಅಲ್ಲಿಗೆ ಕೊಳವೆಯ ನೀರು ಏರುವುದಿಲ್ಲ. ಟ್ಯಾಂಕರೇ ಹೋಗಬೇಕು, ಅದೂ ಹಿಂದು ಹಿಂದಕ್ಕೆ, ಎರಡೂ ಕಡೆ ಗೋಡೆಗೆ ಒಂದೊಂದು ಗೇಣು ಬಿಟ್ಟುಕೊಂಡು. ಆ ಸಂದಿಯಲ್ಲಿ ಏಳನೇ ನಂಬರನ್ನು ಕೆಂಚವೀರಪ್ಪನವರು ದಾರ ಪೋಣಿಸಿದ ಹಾಗೆ ಇಳಿಸುತ್ತಿದ್ದರು.

ಬೇಸಿಗೆಯ ಒಂದು ಸೋಮವಾರ ಏಳನೇ ನಂಬರು ಗೇಟಿಗೆ ಬಂತು. ಡುಗುಡುಗು ಅನ್ನುವ ಅದೇ ದಪ್ಪ ಸದ್ದು. ಮೊದಲ ಗೇರಿಗೆ ಬಿದ್ದು ಏರು ಹತ್ತುವಾಗಿನ ಅದೇ ನರಳಾಟ. ಕಣ್ಣು ಮುಚ್ಚಿಕೊಂಡೇ ‘ಕೇಳಿಸಿತು’ ಅಂತ ಬರೆದೆ. ಬರೆದ ಮೇಲೆ ಬೆರಳು ತಾನಾಗಿ ಮೇಲೆದ್ದಿತು. ನಲವತ್ತನಾಲ್ಕು ವರ್ಷದ ಹೆಂಗಸು, ಒಬ್ಬಳೇ ಗೂಡಿನಲ್ಲಿ ಕೂತು, ಎದುರಿಗೆ ಯಾರೂ ಇಲ್ಲದೆ ಬೆರಳೆತ್ತಿದ್ದೇನೆ! ಎಲ್ಲೋ ಏನೋ ಬಿಟ್ಟುಹೋಗಿತ್ತು. ಮಾರನೆಯ ದಿನ ಕಾದು ಕೇಳಿದೆ. ಅದರ ಮಾರನೆಯ ದಿನವೂ ಕೇಳಿದೆ. ಸದ್ದು ಬರುತ್ತಿದ್ದದ್ದು ಮುಂದಿನ ಬಾನೆಟ್ಟಿನ ಕೆಳಗಿನಿಂದ ಅಲ್ಲ, ಎಡಗಡೆಯ ಕಿಟಕಿಯಿಂದ, ಒಬ್ಬ ಮನುಷ್ಯ ಕೂತರೆ ಬಾಯಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಎತ್ತರದಿಂದ. ಎಂಟೆಂಟು ಹೊಡೆತಕ್ಕೆ ಒಂದು ಸಲ, ಎಳ್ಳುಕಾಳಿನಷ್ಟು ಹೊತ್ತು, ಇಂಜಿನ್ನು ಉಸಿರು ತೆಗೆದುಕೊಳ್ಳುತ್ತಿತ್ತು. ನಮ್ಮಪ್ಪನೂ ಎರಡನೇ ಸಾಲು ಮುಗಿಯುವ ಹೊತ್ತಿಗೆ ಹಾಗೇ ತೆಗೆದುಕೊಳ್ಳುತ್ತಿದ್ದರು, ಯಾರಿಗೂ ಗೊತ್ತಾಗದ ಹಾಗೆ. ನನಗೆ ಗೊತ್ತಾಗುತ್ತಿತ್ತು.

ಏಳನೇ ನಂಬರಿನ ಎಡಗಡೆ ಸೀಟಿನಲ್ಲಿ ಕೂರುವವನು ಓಬಳೇಶಿ. ಪೈಪು ಎಳೆದು, ವಾಲ್ವು ತಿರುಗಿಸಿ, ಮನೆಗಳಿಗೆ ನೀರು ಬಿಡುವ ಕೆಲಸ ಅವನದು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ನಾಟಕದ ಕಂಪನಿಯಲ್ಲಿದ್ದ. ಪರದೆಯ ಹಿಂದೆ ನಿಂತು ಗುಡುಗು, ಕುದುರೆ, ರೈಲು, ಮಗುವಿನ ಅಳು ಎಲ್ಲ ಬಾಯಲ್ಲೇ ಮಾಡುತ್ತಿದ್ದನಂತೆ. ಕಂಪನಿ ಮುಚ್ಚಿದಾಗ ಕೆಂಚವೀರಪ್ಪನವರೇ ಕರೆತಂದು ಇಲ್ಲಿ ಸೇರಿಸಿದ್ದರು. ಸಂಜೆ ಟ್ರಿಪ್ಪಿನ ಚೀಟಿ ಕೊಡಲು ಗೂಡಿಗೆ ಬಂದಾಗ ಕೇಳಿದೆ, “ಓಬಳೇಶಿ, ಎಂಟು ಹೊಡೆತಕ್ಕೆ ಒಂದು ಸಲ ಉಸಿರು ಎಳೀತೀಯಲ್ಲ, ಹತ್ತಕ್ಕೆ ಎಳೆಯೋಕೆ ಆಗಲ್ವಾ?”

ಚೀಟಿ ಕೊಡಲು ಚಾಚಿದ ಕೈಯನ್ನು ಅವನು ಹಿಂದಕ್ಕೆಳೆದುಕೊಂಡ. ಮುಖ ಬಿಳಿಚಿಕೊಂಡಿತು. ಆಮೇಲೆ ನಾನು ಎಣಿಸದೆ ಇದ್ದದ್ದು ನಡೆಯಿತು, ಆ ಮುಖ ಅರಳಿತು. “ಗೊತ್ತಾಯ್ತಾ ಅಕ್ಕ?” ಅಂದ. ದನಿ ಇಳಿಸಿ, “ಚೆನ್ನಾಗಿತ್ತಾ?” ಅಂತ ಕೇಳಿದ.

“ಚೆನ್ನಾಗಿದೆ. ಇಡೀ ಊರಲ್ಲಿ ಇನ್ಯಾರಿಗೂ ಗೊತ್ತಾಗಲ್ಲ. ಅದಕ್ಕೇ ನನಗೆ ಭಯ.”

“ಗೇರು ಬದಲಾಯಿಸೋ ಜಾಗ ಹೇಗಿತ್ತು? ಅದು ಎರಡು ದಿನ ಒದ್ದಾಡಿ ಕೂರಿಸಿದ್ದು.”

“ಅದರಲ್ಲಿ ತಪ್ಪಿಲ್ಲ. ಉಸಿರಲ್ಲೇ ಸಿಕ್ಕಿಬಿದ್ದೆ.”

“ಕಂಪನೀಲಿ ನಾನು ಉಸಿರು ತಗೊಳ್ಳೋವಾಗ ಪೇಟಿ ಮೇಷ್ಟ್ರು ಒಂದು ಸ್ವರ ಒತ್ತಿ ಮುಚ್ಚಿಬಿಡೋರು ಅಕ್ಕ. ಲಾರೀಲಿ ಪೇಟಿ ಎಲ್ಲಿಂದ ತರ್ಲಿ?” ಅಂತ ನಕ್ಕ. ನಗು ಬೇಗ ಹೋಯಿತು. ಬಾಗಿಲ ಕಡೆ ನೋಡಿ ಹೇಳಿದ, “ಅಣ್ಣನ ಎಡಗಣ್ಣಿಗೆ ಪೊರೆ ಬಂದಿದೆ. ಲೈಸೆನ್ಸು ನವೀಕರಣಕ್ಕೆ ಡಾಕ್ಟರು ಸಹಿ ಹಾಕ್ಲಿಲ್ಲ. ಪೊರೆ ತೆಗೆಸ್ಕೊಂಡು ಬನ್ನಿ ಅಂದ್ರು. ಇವರು ಆಗಲ್ಲ ಅಂದು ಎದ್ದು ಬಂದ್ರು. ಮೊನ್ನೆ ಸೋಮವಾರ ಬೆಳಗ್ಗೆ ಶೆಡ್ಡಲ್ಲಿ ಕೀ ತಿರುಗಿಸಿದ್ರೆ ಗಾಡಿ ನಡುಗ್ತಾ ಇದೆ, ಸದ್ದಿಲ್ಲ. ಅಣ್ಣ ಸ್ಟಿಯರಿಂಗ್ ಮೇಲೆ ತಲೆ ಇಟ್ಟುಬಿಟ್ರು. ನನಗೆ ತಡೆಯೋಕಾಗ್ಲಿಲ್ಲ. ಬಾಯಿಂದ ತಾನಾಗೇ ಬಂದುಬಿಡ್ತು.” ಚೀಟಿಯನ್ನು ನನ್ನ ಪುಸ್ತಕದ ಮೇಲಿಟ್ಟು ಸೇರಿಸಿದ, “ಆರು ವರ್ಷ ಆಗಿತ್ತು ಅಕ್ಕ, ನನ್ನ ಬಾಯಿ ಯಾರಿಗೂ ಬೇಕಾಗಿರ್ಲಿಲ್ಲ.”

ಮರುದಿನ ಕೆಂಚವೀರಪ್ಪನವರನ್ನು ನೀರು ತುಂಬುವ ಕೊಳವೆಯ ಕೆಳಗೆ ಕಂಡೆ. ಮುಂದಿನ ಗಾಜನ್ನು ಒರೆಸುತ್ತಿದ್ದರು, ಬಲಗಡೆ ಫಳಫಳ, ಎಡಗಡೆ ಧೂಳು ಹಾಗೇ ಇತ್ತು. “ಓಬಳೇಶಿ ಬಾಯಿ ಬಿಟ್ನಾ?” ಅಂತ ಅವರೇ ಕೇಳಿದರು.

“ಅವನು ಗೇಟಲ್ಲೇ ದಿನಾ ಬಿಡ್ತಾ ಇದಾನಲ್ಲ, ನನ್ನೆದುರಿಗೇ.”

ತಡೆಯಲಾರದೆ ನಕ್ಕರು. ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡರು. “ಇಪ್ಪತ್ತೊಂಬತ್ತು ವರ್ಷ ತಾಯಿ. ಮೇಲ್ಗೇರಿ ಸಂದಿಯಲ್ಲಿ ಗೋಡೆ ಮೇಲೆ ನನ್ನ ಗಾಡಿದು ಒಂದು ಗೀರು ತೋರಿಸಿ, ಇವತ್ತೇ ಕೀ ಕೊಟ್ಟು ಮನೆಗೆ ಹೋಗ್ತೀನಿ.”

“ಗೀರಿಲ್ಲ. ಲೈಸೆನ್ಸೂ ಇಲ್ಲ. ಪೊರೆ ತೆಗೆಸಿಕೊಂಡರೆ ಒಂದು ತಿಂಗಳಲ್ಲಿ ಬರುತ್ತೆ. ಅಲ್ಲಿ ತನಕ ಎರಡನೇ ನಂಬರಿನ ಜುಬೇದಾ ಓಡಿಸಲಿ. ನೀವು ಎಡಗಡೆ ಕೂತು ಅವಳಿಗೆ ಮೇಲ್ಗೇರಿ ಸಂದಿ ಕಲಿಸಿ. ಅವಳಿಗೆ ಸ್ಟಿಯರಿಂಗ್ ಕಲಿಸಿದ್ದು ನೀವೇ ಅಲ್ವಾ?”

ಎಡಗಡೆ ಅನ್ನುವ ಮಾತು ಅವರಿಗೆ ತಾಗಿತು. “ಎಡಗಡೆ ಪೈಪು ಎಳೆಯೋರು ಕೂರ್ತಾರೆ,” ಅಂದರು. “ನಾನು ಇದೇ ಸೀಟಲ್ಲಿ ಕೂತು ಮುದುಕ ಆಗಿದೀನಿ. ಕಣ್ಣು ಕೊಯ್ಸಿಕೊಳ್ಳೋ ಮಾತು ಬೇಡ. ನಮ್ಮವ್ವನ ಕಣ್ಣು ಕೊಯ್ದ್ರು. ಆಮೇಲೆ ನಾಲ್ಕು ವರ್ಷ, ಬಾಗಿಲು ಯಾವುದು ಗೋಡೆ ಯಾವುದು ಅಂತ ತಡವಿಕೊಂಡೇ ಹೋಗಿಬಿಟ್ಲು.” ಆ ಭಯ ನಿಜವಾದದ್ದು. ಕಾಲ ಬದಲಾಗಿದೆ, ಈಗ ಅರ್ಧ ಗಂಟೆಯ ಕೆಲಸ ಅಂತೆಲ್ಲ ಹೇಳಿದೆ. ಕೊಳವೆಯ ನೀರಿನ ಸದ್ದಿನಲ್ಲಿ ನನ್ನ ಮಾತು ಅವರಿಗೆ ಬೇಕಾಗಿರಲಿಲ್ಲ. “ನಿಮ್ಮ ಪುಸ್ತಕದ ಮನೆಯಲ್ಲಿ ಏನು ಬರೀಬೇಕು? ಕೇಳಿಸ್ತಾ, ಇಲ್ವಾ. ಕೇಳಿಸ್ತು ತಾನೇ? ಬರ್ಕೊಳ್ಳಿ,” ಅಂದು ಗಾಡಿ ಹತ್ತಿದರು.

ಸಾಹೇಬರ ಹತ್ತಿರ ಹೋದೆ. ನಿಂಗೋಜಿರಾಯರು ಅಂತ ನಮ್ಮ ಕಚೇರಿಯ ಮುಖ್ಯಸ್ಥರು. ಕೆಟ್ಟವರೇನಲ್ಲ, ಬೇಸಿಗೆಯಲ್ಲಿ ಅವರ ಫೋನು ಒಲೆಯ ಮೇಲಿನ ಹೆಂಚಿನ ಹಾಗೆ ಕಾದಿರುತ್ತದೆ. ಎಲ್ಲ ಕೇಳಿದರು. “ಸದ್ದು ಬಂತೋ ಇಲ್ವೋ ಪ್ರಭಾವತಮ್ಮ?”

“ಬಂತು ಸಾರ್. ಗಾಡಿಯದಲ್ಲ.”

“ಗಾಡಿ ಕಡೆಯಿಂದ ಬಂತಲ್ಲ? ನಿಶ್ಶಬ್ದ ಆದ್ರೆ ಗೇಟು ಹಾಕಿ ಅಂತ ನಿಯಮ. ಶಬ್ದ ಇದ್ರೆ ಹಾಕೋ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಅನುಮಾನ ಇದ್ರೆ ಲೈಸೆನ್ಸು ಕಚೇರಿಗೆ ಕಾಗದ ಬರೀರಿ. ಉತ್ತರ ನಲವತ್ತು ದಿನಕ್ಕೆ ಬರುತ್ತೆ. ಅಷ್ಟರೊಳಗೆ ಮಳೆ ಬಂದಿರುತ್ತೆ.” ಫೋನು ಮತ್ತೆ ಬಡಿದುಕೊಂಡಿತು. ಅದರ ಮೇಲೆ ಕೈ ಇಟ್ಟುಕೊಂಡೇ ಹೇಳಿದರು, “ಮೇಲ್ಗೇರೀಲಿ ಇನ್ನೂರು ಮನೆ ಇದೆ ಕಣ್ರೀ.”

ಕಾಗದ ಅಂದೇ ಬರೆದು ಕಳಿಸಿದೆ. ಪುಸ್ತಕದ ಸಣ್ಣ ಮನೆಯಲ್ಲಿ ‘ಕೇಳಿಸಿತು, ಮನುಷ್ಯನದು’ ಅಂತ ಕೆಂಪು ಶಾಯಿಯಲ್ಲಿ ಬರೆದೆ. ಅಕ್ಷರ ಗೆರೆ ದಾಟಿ ಆಚೆ ಹೋಯಿತು. ತಿಂಗಳ ಕೊನೆಗೆ ಸಾಹೇಬರು ಸಹಿ ಹಾಕಬೇಕಾದ ಪುಸ್ತಕ ಅದು, ಹಾಗೆ ಬರೆಯುವವರು ಯಾರೂ ಇಲ್ಲ. ಆದರೂ ಹೊಡೆದು ಹಾಕಲಿಲ್ಲ. ನಾನು ಕೇಳಿದ್ದು ಅದೇ. ಗೇಟು ಮಾತ್ರ ಹಾಕಲಾಗಲಿಲ್ಲ. ದಿನಾ ಬೆಳಗ್ಗೆ ಏಳನೇ ನಂಬರು ಓಬಳೇಶಿಯ ಬಾಯಲ್ಲಿ ಡುಗುಡುಗು ಅನ್ನುತ್ತಾ ನನ್ನೆದುರಿಗೇ ಹೋಗುತ್ತಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ. ಉಸಿರು ಮಾತ್ರ ಈಗ ಹನ್ನೆರಡು ಹೊಡೆತಕ್ಕೆ ಒಂದು ಸಲ ಆಗಿತ್ತು.

ಎರಡು ವಾರ ಕಳೆದ ಮೇಲೆ ಒಂದು ಗುರುವಾರ ತಿಪ್ಪಕ್ಕ ಗೇಟಿಗೆ ಬರಲಿಲ್ಲ. ಅವಳ ಮನೆ ಇರುವುದು ಮೇಲ್ಗೇರಿಯಲ್ಲೇ. ಶುಕ್ರವಾರವೂ ಇಲ್ಲ. ಶುಕ್ರವಾರ ಸಂಜೆ ಓಬಳೇಶಿಯನ್ನು ಟೀ ಕುಡಿಯಲು ಗೂಡಿಗೆ ಕರೆದಿದ್ದೆ. ಏನು ಹೇಳಬೇಕು ಅಂತ ಯೋಚನೆ ಮಾಡಿರಲಿಲ್ಲ. ಅವನು ಲೋಟ ಹಿಡಿದು ಕೂತ ಹೊತ್ತಿಗೆ ಸರಿಯಾಗಿ ಹೊರಗಡೆ ಗೋಡೆಗೆ ಕೈ ಉಜ್ಜುವ ಸದ್ದು ಕೇಳಿಸಿತು. ತಿಪ್ಪಕ್ಕ ಬರುತ್ತಿದ್ದಳು, ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಪಟ್ಟಿ ಸುತ್ತಿ ಕೊರಳಿಗೆ ಕಟ್ಟಿದ್ದು. ಹೆಜ್ಜೆ ಹೆಜ್ಜೆಗೂ ಕತ್ತು ತಿರುಗಿಸಿ ಆಚೆ ನೋಡುತ್ತಾಳೆ, ಈಚೆ ನೋಡುತ್ತಾಳೆ, ಪರ ಊರಿನವರ ಹಾಗೆ.

“ಏನಾಯ್ತು ತಿಪ್ಪಕ್ಕ?” ಅಂತ ಎದ್ದೆ.

“ಮಣಿಕಟ್ಟು ಮುರೀತಮ್ಮ. ಬುಟ್ಟಿ ಹಪ್ಪಳ ಆಯ್ತು. ಜೀವ ಉಳೀತಲ್ಲ, ಅದೇ ದೊಡ್ಡದು.” ಒಳಗೆ ಕಾಲಿಟ್ಟವಳು ಓಬಳೇಶಿಯನ್ನು ನೋಡಿ ಅವನ ತಲೆ ನೇವರಿಸಿದಳು. “ಇವನೇ ಕಣಮ್ಮ ನನ್ನನ್ನ ಎತ್ತಿ ಕೂರಿಸಿದೋನು. ಚೆಲ್ಲಿದ್ದ ಕಾಯೆಲ್ಲ ಒಂದೊಂದೇ ಆರಿಸಿ ಕೊಟ್ಟ. ಯಾರು ಮಾಡ್ತಾರೆ ಈ ಕಾಲದಲ್ಲಿ?”

ಓಬಳೇಶಿ ಲೋಟದೊಳಗೆ ನೋಡುತ್ತಿದ್ದ.

ಅವಳೇ ಹೇಳಿದಳು. ಬುಧವಾರ ಬುಟ್ಟಿ ಹೊತ್ತು ಸಂದಿಯಿಂದ ಇಳಿಯುತ್ತಿದ್ದಾಳೆ. ಟ್ಯಾಂಕರಿನ ಸದ್ದು ಕೇಳಿಸಿತು, ಕೆಳಗಡೆಯಿಂದ, ನಲ್ಲಿಯ ಕಟ್ಟೆಯ ಹತ್ತಿರದಿಂದ. ಹಾಗಾದರೆ ಮೇಲುಗಡೆ ಖಾಲಿ ಅಂತ ನಾಲ್ಕು ಹೆಜ್ಜೆ ಹಿಂದಕ್ಕೆ, ಮೇಲಕ್ಕೆ ಸರಿದಳು. ಟ್ಯಾಂಕರು ಇದ್ದದ್ದು ಮೇಲೆ, ಹಿಂದು ಹಿಂದಕ್ಕೆ ಇಳಿಯುತ್ತಾ. ಅವಳ ಬೆನ್ನಿಗೇ ಬಂದು ತಾಗಿತು. ಕೆಂಚವೀರಪ್ಪನವರು ಬಲಗಡೆಯ ಕನ್ನಡಿ ನೋಡುತ್ತಿದ್ದರಂತೆ, ಅವಳು ಬಿದ್ದದ್ದು ಎಡಕ್ಕೆ. ಪೈಪು ಹಿಡಿದು ಮೊದಲೇ ಕೆಳಗಿಳಿದು ಕಟ್ಟೆಯ ಹತ್ತಿರ ನಿಂತಿದ್ದವನು ಯಾರು, ಆ ಸದ್ದು ಯಾರ ಬಾಯಿಂದ ಬರುತ್ತಿತ್ತು ಅಂತ ಆ ಗೂಡಿನಲ್ಲಿ ಇಬ್ಬರಿಗೆ ಗೊತ್ತಿತ್ತು. ತಿಪ್ಪಕ್ಕನಿಗೆ ಗೊತ್ತಿರಲಿಲ್ಲ.

“ಗಾಡಿ ತಪ್ಪಿಲ್ಲ, ಡ್ರೈವರು ತಪ್ಪೂ ಇಲ್ಲ. ಸದ್ದು ಮಾಡ್ಕೊಂಡೇ ಬಂತಲ್ಲ ಪಾಪ,” ಅಂದಳು. “ನನ್ನ ಕಿವಿ ಹೋಯ್ತು. ಎತ್ತಲಿಂದ ಬರುತ್ತೆ ಅಂತ ತಿಳಿಯದ ಕಿವಿ ಇಟ್ಕೊಂಡು ಈ ಊರಲ್ಲಿ ಹೇಗಮ್ಮ ಓಡಾಡೋದು? ಎರಡು ದಿನ ಮನೆಯಿಂದ ಆಚೆ ಬರ್ಲಿಲ್ಲ. ಇವತ್ತು ಧೈರ್ಯ ಮಾಡಿ ಗೋಡೆ ಹಿಡ್ಕೊಂಡು ಬಂದೆ. ನೀನು ಕಿವಿಯಮ್ಮ ಅಲ್ವಾ? ಒಂಚೂರು ಪರೀಕ್ಷೆ ಮಾಡಿ ಹೇಳು. ಹೋಗಿದ್ರೆ ಹೋಗಿದೆ ಅಂತ ಹೇಳಿಬಿಡು, ಈ ಕಡಲೆಕಾಯಿ ವ್ಯಾಪಾರ ಬಿಟ್ಟು ಮೂಲೆ ಸೇರ್ತೀನಿ.”

ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಣ್ಣಿಗೆ ಅವಳದೇ ಸೆರಗು ಮುಚ್ಚಿದೆ. ಹಿಂದೆ ಹೋಗಿ ಪೆನ್ನನ್ನು ಟಿಕ್ ಅನ್ನಿಸಿದೆ. ಬೆರಳು ತೋರಿಸಿದಳು, ಸರಿ. ಬಾಗಿಲ ಬಳಿ ಹೋಗಿ ಬಳೆ ಅಲ್ಲಾಡಿಸಿದೆ, ಸರಿ. ಬಗ್ಗಿ ನೆಲದ ಮೇಲೆ ಉಗುರು ಗೀರಿದೆ, ಅದೂ ಸರಿ. ಹನ್ನೆರಡು ಸಲ ನೋಡಿದೆ, ಹನ್ನೆರಡು ಸಲವೂ ಬೆರಳು ಬಾಣದ ಹಾಗೆ ಹೋಯಿತು. “ನಿನ್ನ ಕಿವಿ ನನ್ನಷ್ಟೇ ಚೆನ್ನಾಗಿದೆ ತಿಪ್ಪಕ್ಕ,” ಅಂದೆ.

ಸೆರಗು ಸರಿಸಿ ನನ್ನ ಮುಖ ನೋಡಿದಳು. “ಚೆನ್ನಾಗಿದ್ರೆ ನಾನು ಗಾಡಿ ಕಡೆಗೇ ಯಾಕಮ್ಮ ಹೋದೆ?”

ಅದಕ್ಕೆ ಉತ್ತರ ಹೇಳಬೇಕಾದವಳು ನಾನಾಗಿರಲಿಲ್ಲ. ಓಬಳೇಶಿಯ ಕಡೆ ತಿರುಗಲೂ ಇಲ್ಲ, ನಿಂತಲ್ಲೇ ಕಿವಿಗೊಟ್ಟೆ. ಅವನ ಉಸಿರು ಕೇ​ಳಿಸುತ್ತಿತ್ತು. ಹನ್ನೆರಡು ಹೊಡೆತ ತಡೆಯುವ ಎದೆ ಅದು, ಈಗ ಎರಡೆರಡು ಹೊಡೆತಕ್ಕೇ ಉಸಿರು ಬೇಕಾಗಿತ್ತು. ಲೋಟವನ್ನು ಕಿಟಕಿಯಲ್ಲಿಟ್ಟ. ಟೀ ಮುಟ್ಟಿರಲಿಲ್ಲ. ಎದ್ದು ತಿಪ್ಪಕ್ಕನ ಪಟ್ಟಿ ಸುತ್ತಿದ ಕೈಯನ್ನು ನೋಡಿ ಹೊರಟುಹೋದ. “ಯಾಕಮ್ಮ, ಟೀ ಚೆನ್ನಾಗಿರ್ಲಿಲ್ವಾ?” ಅಂತ ತಿಪ್ಪಕ್ಕ ಕೇಳಿದಳು. ಅವಳನ್ನು ಮೇಲ್ಗೇರಿಯ ತನಕ ನಾನೇ ಕೈ ಹಿಡಿದು ಬಿಟ್ಟು ಬಂದೆ. ದಾರಿಯಲ್ಲಿ ಪ್ರತಿ ತಿರುವಿನಲ್ಲೂ ನಿಂತು ಆಚೀಚೆ ನೋಡಿದಳು. ಅಂದು ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು, ನನ್ನ ಊಟ ತಪ್ಪಿತು.

ಶನಿವಾರ ಬೆಳಗ್ಗೆ ಐದು ನಮಸ್ಕಾರ ಹೇಳಿಕೊಂಡು ಪುಸ್ತಕ ಬಿಚ್ಚಿದೆ. ಒಂದನೇ ನಂಬರು ಹೋಯಿತು, ಕೇಳಿಸಿತು. ಜುಬೇದಾಳ ಎರಡನೇ ನಂಬರು ಕೇಳಿಸಿತು. ನಾಲ್ಕು, ಒಂಬತ್ತು. ಸಾಹೇಬರು ಜೀಪಿನ ಪಕ್ಕ ನಿಂತು ಫೋನಿನಲ್ಲಿ ಯಾರಿಗೋ, “ಹೊರಟಿದೆ ಸ್ವಾಮಿ, ಹೊರಟೇಬಿಟ್ಟಿದೆ,” ಅನ್ನುತ್ತಿದ್ದರು. ಆಮೇಲೆ ಗೇಟಿನ ಮುಂದೆ ಏನೂ ಬರಲಿಲ್ಲ. ತುಂಬಿದ ತೊಟ್ಟಿಯಲ್ಲಿ ನೀರು ತುಳುಕುವುದು ಮಾತ್ರ ಹತ್ತಿರ ಹತ್ತಿರಕ್ಕೆ ಬಂತು. ನೀರಿಗೆ ಲೈಸೆನ್ಸು ಬೇಕಾಗಿಲ್ಲ. ಕಣ್ಣು ಬಿಟ್ಟೆ. ಏಳನೇ ನಂಬರು ನನ್ನ ಗೂಡಿನ ಎದುರಿಗೆ ನಿಂತಿತ್ತು. ಬಾನೆಟ್ಟು ನಡುಗುತ್ತಿತ್ತು, ಹಿಂದೆ ಹೊಗೆ ಏಳುತ್ತಿತ್ತು. ಎಡಗಡೆ ಸೀಟಿನಲ್ಲಿ ಓಬಳೇಶಿ ತುಟಿ ಮುಚ್ಚಿ ಕೂತಿದ್ದ.

ಸಾಹೇಬರು ಫೋನನ್ನು ಕಿವಿಯಿಂದ ಇಳಿಸಿದರು. ಹಿಂದಿನ ಟ್ಯಾಂಕರುಗಳವರು ಒಬ್ಬೊಬ್ಬರೇ ಇಂಜಿನ್ನು ಆರಿಸಿ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ನಾನು ಹಗ್ಗ ಬಿಟ್ಟೆ. ಅಡ್ಡಗಂಬ ಇಳಿದು ಕೂತಿತು.

“ಶುರು ಮಾಡೋ,” ಅಂದರು ಕೆಂಚವೀರಪ್ಪನವರು, ಮೆಲ್ಲಗೆ.

ಓಬಳೇಶಿ ಕದಲಲಿಲ್ಲ.

“ಗಂಟಲು ಕಟ್ಟಿದೆಯೇನೋ?” ಅಂತ ನೀರಿನ ಬಾಟಲಿ ಚಾಚಿದರು. ಓಬಳೇಶಿ ತೆಗೆದುಕೊಂಡು ಕುಡಿದ, ಮುಚ್ಚಳ ತಿರುಗಿಸಿ ವಾಪಸು ಕೊಟ್ಟ. “ಗಂಟಲು ಚೆನ್ನಾಗಿದೆ ಅಣ್ಣ,” ಅಂದ. ದನಿ ನಾಟಕದ ರಂಗದ ಮೇಲಿನಂತೆ ಸ್ಪಷ್ಟವಾಗಿತ್ತು, ಕೊನೆಯ ಟ್ಯಾಂಕರಿನವರಿಗೂ ಕೇಳಿಸಿರಬೇಕು.

“ಮತ್ತೆ? ಮೇಲ್ಗೇರೀಲಿ ಬಿಂದಿಗೆ ಸಾಲು ಇಟ್ಕೊಂಡು ಕೂತವ್ರೆ ಕಣೋ.”

“ಗೊತ್ತು ಅಣ್ಣ. ಜುಬೇದಮ್ಮ ಟ್ರಿಪ್ಪು ಮುಗಿಸಿ ಬಂದು ಓಡಿಸ್ಲಿ, ನಾನೂ ಬರ್ತೀನಿ. ಸಂಜೆ ಕಣ್ಣಾಸ್ಪತ್ರೆಗೂ ಬರ್ತೀನಿ, ನಿಮ್ಮ ಜೊತೆ ಒಳಗೇ ಕೂರ್ತೀನಿ.”

ಕೆಂಚವೀರಪ್ಪನವರ ಎರಡೂ ಕೈ ಸ್ಟಿಯರಿಂಗನ್ನು ಹಿಡಿದಿದ್ದವು. ಗೇಟನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಿಯಲ್ಲಿ ಹಿಂದಿನವರನ್ನು ನೋಡಿದರು. “ಗೇಟು ದಾಟೋ ತನಕ ಸಾಕು. ಎಂಟು ಹೊಡೆತ,” ಅಂದರು. “ನಿನ್ನನ್ನ ಈ ಕೆಲಸಕ್ಕೆ ಕರ್ಕೊಂಡು ಬಂದೋನು ನಾನು...” ಅಂತ ಶುರು ಮಾಡಿದವರು ಅಲ್ಲಿಗೇ ತಡೆದುಕೊಂಡರು. “ಬೇಡ, ಅದು ಬಿಡು. ಹಂಗಿನ ಮಾತು ಬೇಡ. ಕೇಳ್ಕೋತಾ ಇದೀನಿ ಓಬಳೇಶಿ. ಇವರೆಲ್ಲ ನೋಡ್ತಾ ಇದಾರೆ. ಇದೊಂದು ಸಲ, ನನ್ನ ಮಾನ ಉಳಿಸು.”

ಹದಿನಾರು ವರ್ಷದಲ್ಲಿ ಆ ಮನುಷ್ಯ ಯಾರನ್ನಾದರೂ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿರಲಿಲ್ಲ. ಪೆನ್ನು ಹಿಡಿದ ನನ್ನ ಕೈ ಆ ಸಣ್ಣ ಮನೆಯ ಮೇಲೆ ನಿಂತಿತು. ಓಬಳೇಶಿ ಬಾಗಿಲು ತೆರೆದು ಕೆಳಗಿಳಿದ. ಗಾಡಿಯ ಮುಂದಿನಿಂದ ಸುತ್ತಿ ಬಂದು ಬಲಗಡೆಯ ಕಿಟಕಿಯ ಕೆಳಗೆ ನಿಂತ. ಅಲ್ಲಿಂದ ಮುಖ ಮೇಲೆತ್ತಿದ.

“ಮಾಡಲ್ಲ ಅಣ್ಣ,” ಅಂದ. “ಇವತ್ತೂ ಮಾಡಲ್ಲ, ನಾಳೆಯೂ ಮಾಡಲ್ಲ. ಇಳೀರಿ.”